ಬಾವುಟ ಹಿಡಿದ ಲಾಸಾರೊ

ಪುಯೆಬ್ಲಾ,
14 ನವೆಂಬರ್ 1936

ನನ್ನ ಚಿನ್ನ ಎವುಲಾಲಿಯಾ,

ಮಗುವಿಗೆ ಹಲ್ಲು ಬಂತೆಂದು ನೀನು ಬರೆದು ತಿಂಗಳಾಯಿತು, ನಾನು ಈಗ ಉತ್ತರಿಸುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈದುಬಿಡು. ವೆರಾಕ್ರೂಸ್‌ನ ಸೆಕೆಯಲ್ಲಿ ಅವಳಿಗೆ ಉಣ್ಣೆ ಮಾತ್ರ ತೊಡಿಸಬೇಡ.

ಪತ್ರಿಕೆಯಲ್ಲಿ ಓದಿರುತ್ತೀಯ. ಗಿರಣಿಯ ಸಭಾಂಗಣದಲ್ಲಿ ನಿಮ್ಮಪ್ಪ ಬರೆದಿದ್ದ ನೇಕಾರರ ಮೆರವಣಿಗೆಯ ಚಿತ್ರಕ್ಕೆ ಸುಣ್ಣ ಬಳಿದರು. ಹೊರದೇಶದವರೂ ಹುಡುಕಿಕೊಂಡು ಬಂದು ನೋಡುತ್ತಿದ್ದ ಗೋಡೆ ಅದು.

ಅದಕ್ಕೆ ಮುಂಚೆ ಮಾಲೀಕ ದೋನ್ ಫುಲ್ಹೆನ್ಸಿಯೊ ಮನೆಗೇ ಬಂದಿದ್ದ. ನಾನು ಕಾಸಿಕೊಟ್ಟ ಚಾಕಲೇಟು ಕುಡಿದು, "ಮೇಷ್ಟ್ರೇ, ಆ ಕೆಂಪು ಬಾವುಟಕ್ಕೆ ಒಂಚೂರು ನೀಲಿ ಬಳಿದುಬಿಡಿ. ಮಿಕ್ಕದ್ದು ನೂರು ವರ್ಷ ಇರಲಿ" ಅಂದ.

"ನೀಲಿ ಬಳಿದ್ರೆ ಅದು ಮೆರವಣಿಗೆ ಅಲ್ಲ ಸ್ವಾಮಿ, ನಿಮ್ಮ ಮಗಳ ಮದುವೆ ದಿಬ್ಬಣ" ಅಂದರು ನಿಮ್ಮಪ್ಪ. ಆತ ಲೋಟ ಅಲ್ಲೇ ಕುಕ್ಕಿ ಎದ್ದುಹೋದ.

ನಾನು ಬಿಡಲಿಲ್ಲ. "ಬಾವುಟ ತಾನೇ? ಬಳಿದುಬಿಡಿ, ಗೋಡೆ ಉಳಿಯುತ್ತೆ" ಅಂದೆ.

"ಒರ್ತೆನ್ಸಿಯಾ, ಅದನ್ನ ಹಿಡಿದು ನಿಂತಿರೋನು ಲಾಸಾರೊ. ಅವನ ಕೈಯಿಂದ ಕಿತ್ಕೊಳ್ಳಲಾ?" ಅಂದರು.

ನಿನ್ನ ತಮ್ಮ ಜ್ವರದಲ್ಲಿ ತೀರಿಕೊಂಡ ವರ್ಷವೇ ಅಲ್ಲವೇ, ಅವನನ್ನು ಮೆರವಣಿಗೆಯ ಮುಂದೆ ನಿಲ್ಲಿಸಿದ್ದು?

ಸುಣ್ಣ ಬಳಿದ ದಿನ ನೇಕಾರರೆಲ್ಲ ಹ್ಯಾಟು ತೆಗೆದು ಬಾಗಿಲಲ್ಲಿ ನಿಂತಿದ್ದರು. "ಆ ಮೂಲೆ ತೆಳುವಾಯ್ತು, ಇನ್ನೊಂದು ಕೈ ಎಳೀರಪ್ಪ" ಎಂದು ನಿಮ್ಮಪ್ಪ ತಮಾಷೆ ಮಾಡಿದರಂತೆ. ಮನೆಗೆ ಬಂದವರು ಬೂಟು ಸಹಿತ ಮಲಗಿಬಿಟ್ಟರು.

ಅವರ ಹಟ ನಿನಗೆ ಗೊತ್ತೇ ಇದೆ. ರಾಜಧಾನಿಯ ಸಿರಿವಂತರು ಹೆಂಡತಿಯರ ಚಿತ್ರ ಬರೆಸಲು ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಮನೆಯೊಳಗಿನ ಚಿತ್ರ ಒಬ್ಬನ ಸ್ವತ್ತು, ಸಭೆಯ ಗೋಡೆ ಎಲ್ಲರದು ಅನ್ನುತ್ತಿದ್ದರು. ಫೋಟೋ ಅಂದರೂ ಸಿಡಿಮಿಡಿ; ನಮ್ಮ ಮನೆಯಲ್ಲಿ ಯಾರದೂ ಒಂದಿಲ್ಲ. ಆ ಮಾತು ಮೆಚ್ಚಿಯೇ ನಾನು ಅವರನ್ನು ಕಟ್ಟಿಕೊಂಡದ್ದು. ಈಗಲೂ ಮೆಚ್ಚುತ್ತೇನೆ.

ದೇವಮಾತೆ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ. ಮಗುವಿನ ಎರಡೂ ಕೆನ್ನೆಗೆ ಮುತ್ತು.

ನಿನ್ನ ಅಮ್ಮ,
ಒರ್ತೆನ್ಸಿಯಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ನಿನ್ನೆ ನಿಮ್ಮಪ್ಪನನ್ನು ಕೇಳಿದೆ: "ಒಂದು ಕಾಗದದ ಮೇಲಾದರೂ ಲಾಸಾರೊನನ್ನ ಬರೆದುಕೊಡಿ, ನನಗೊಬ್ಬಳಿಗೆ." ಅವರು ಊಟ ಬಿಟ್ಟು ಕೂತು ಬರೆದರು. ಅಗಲ ದವಡೆ, ಗಟ್ಟಿ ಕತ್ತು, ದೂರಕ್ಕೆ ನೆಟ್ಟ ಕಣ್ಣು. ಯಾವ ಗಿರಣಿಯ ಯಾವ ನೇಕಾರನಾದರೂ ಆಗಬಹುದು. ನಮ್ಮ ಹುಡುಗನ ಎಡಗಣ್ಣು ಕಿರಿದು, ನಕ್ಕರೆ ಮುಚ್ಚಿಯೇ ಹೋಗುತ್ತಿತ್ತಲ್ಲ? ಗೋಡೆಯ ಮೇಲೆ ಅದಿತ್ತು. ಕಾಗದದ ಮೇಲಿಲ್ಲ.

"ಹೇಗಿದೆ?" ಎಂದು ಕೇಳಿದರು.

"ಥೇಟ್ ಅವನೇ" ಅಂದೆ.

ಮಂಚದ ಮೇಲ್ಗಡೆ ತೂಗುಹಾಕಿದ್ದೇವೆ. ನೀನು ಬಂದಾಗ ಅವರೆದುರು ನೀನೂ ಹಾಗೇ ಅನ್ನು, ಮಗಳೇ.