ನೀನು "ಇಲ್ಲ" ಎಂದು ಬರೆದ ಜಾಗ

ಮಾರ್ಚ್ ಒಂಬತ್ತು, ಸೋಮವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ ಅಪ್ಪ ಮಾಡುವ ಆಶೀರ್ವಾದಗಳು.

ನಾನು ಕ್ಷೇಮ. ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ, ಅದೂ ನಿನ್ನ ಹಾಗೇ. ಹನ್ನೊಂದು ದಿನದಿಂದ ನಿನ್ನ ಫೋನ್ ಬಂದಾಗಲೆಲ್ಲ "ಒಲೆ ಮೇಲೆ ಹಾಲಿದೆ, ಆಮೇಲೆ ಮಾಡ್ತೀನಿ" ಅಂದೆ. ಒಬ್ಬನೇ ಇರುವವನಿಗೆ ಅಷ್ಟು ಹಾಲು ಯಾಕೆ ಅಂತ ನೀನೂ ಕೇಳಲಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಬೈದುಕೋ. ತಪ್ಪೊಪ್ಪಿಗೆಯ ಪತ್ರ "ಐ ಬೆಗ್ ಟು ಸ್ಟೇಟ್" ಅಂತ ಶುರುವಾಗಬೇಕೆಂದು ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿದ್ದರು. ಮುಂದಿನದು ಮರೆತಿದೆ. ಬೆಗ್ ಮಾತ್ರ ನೆನಪಿದೆ.

ಔಷಧಿ ಅಂಗಡಿಯಲ್ಲಿ ನಿನಗೆ ರಜೆ ಸಿಗಲಿಲ್ಲವೆಂದು ಫಾರ್ಮಸಿ ಕಾಲೇಜಿಗೆ ಅರ್ಜಿ ಕೊಟ್ಟುಬರಲು ನನ್ನನ್ನು ಕಳಿಸಿದೆಯಲ್ಲ. "ಪದವಿ ಬೇಕಿಲ್ಲ ಅಪ್ಪ, ಬಿ.ಎಸ್ಸಿ. ಎರಡು ವರ್ಷ ಓದಿರೋ ಅಂಕಪಟ್ಟಿ ಸಾಕು" ಅಂತ ನೀನು ಮೂರು ಸಲ ಹೇಳಿದ್ದೆ. ನನಗೆ ಅರ್ಥವೂ ಆಗಿತ್ತು. ಆದರೆ ಅಲ್ಲಿ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಒಬ್ಬ ತಂದೆ, ಮಗನ ಪದವಿ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಹಸುಗೂಸನ್ನು ಹಿಡಿದ ಹಾಗೆ ಹಿಡಿದಿದ್ದ. "ನಿಮ್ಮ ಮಗಳದ್ದು ಯಾವ ಡಿಗ್ರಿ ಸಾರ್?" ಅಂದ.

"ಬಿ.ಎಸ್ಸಿ." ಅಂದುಬಿಟ್ಟೆ.

"ಯಾವ ಕ್ಲಾಸು?"

"ಫಸ್ಟ್ ಕ್ಲಾಸು." ಹೇಳುವುದೇ ಸುಳ್ಳು, ಸೆಕೆಂಡ್ ಕ್ಲಾಸು ಯಾಕೆ ಹೇಳಲಿ?

ಆಮೇಲೆ ತೊಡೆಯ ಮೇಲಿದ್ದ ಅರ್ಜಿ ನೋಡಿದೆ. ಪದವಿ ಎನ್ನುವ ಜಾಗದಲ್ಲಿ ನಿನ್ನ ದುಂಡು ಅಕ್ಷರದ "ಇಲ್ಲ". ಅವನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅದಕ್ಕೆ ಗೀಟು ಹಾಕಿ ಬಿ.ಎಸ್ಸಿ. ಎಂದು ಬರೆದೆ. ಕಿಟಕಿಯಲ್ಲಿದ್ದ ಮೇಡಂ "ಪದವಿ ಪತ್ರ ಎಲ್ಲಿ?" ಅಂದರು. "ಮನೇಲಿದೆ, ತರ್ತೀನಿ" ಅಂದೆ. ನಿನಗೆ ಫೋನಿನಲ್ಲಿ "ಎಲ್ಲಾ ಆಯ್ತು" ಅಂದೆ.

ಒಪ್ಪಿಕೊಂಡುಬಿಡೋಣ ಅಂತ ಕಳೆದ ಶುಕ್ರವಾರ ಮತ್ತೆ ಹೋದೆ. "ಮೇಡಂ, ದಿ ಮಿಸ್ಟೇಕ್ ಈಸ್ ಫಾದರ್. ಡಾಟರ್ ಈಸ್ ಕರೆಕ್ಟ್" ಅಂದೆ.

"ನಿಧಾನಕ್ಕೆ ಹೇಳಿ ಯಜಮಾನರೇ" ಅಂದರು. ಪೂರ್ತಿ ಕೇಳಿ, "ಪದವಿ ಇಲ್ಲದವರು ಎಷ್ಟೋ ಜನ ಇಲ್ಲಿ ಓದ್ತಾರೆ. ಸರಿಯಾಗಿದ್ದ ಅರ್ಜೀನ ನೀವೇ ಸುಳ್ಳು ಮಾಡಿದ್ರಲ್ಲ" ಅಂದರು. ಹಿಂದೆ ನಿಂತ ಸಾಲೆಲ್ಲ ಕೇಳಿಸಿಕೊಂಡಿತು. ಇಪ್ಪತ್ತನೇ ತಾರೀಖಿನೊಳಗೆ ನೀನೇ ಬಂದು ತಿದ್ದಿ ಸಹಿ ಹಾಕಬೇಕು. ನೀನು ಕಾಲೇಜನ್ನು ಅರ್ಧಕ್ಕೆ ಬಿಟ್ಟ ಕಾರಣವನ್ನು ನಾನು ಬರೆದುಕೊಡಬೇಕು. ತಪ್ಪಿದರೆ ಅರ್ಜಿ ರದ್ದು.

ಅಂಗಡಿಯ ಯಜಮಾನರಿಗೆ ನನ್ನನ್ನೇ ಬೈದು ಹೇಳಿ ಒಂದು ದಿನ ರಜೆ ತಗೋ. ಅಮ್ಮನ ಔಷಧಿಗಳನ್ನು ಗಂಟೆ ಸಮೇತ ಬರೆದಿಟ್ಟಿದ್ದೆಯಲ್ಲ, ಆ ನೋಟ್‌ಬುಕ್ಕನ್ನೂ ತಾ. ಐದು ತಿಂಗಳಲ್ಲಿ ಒಂದು ಗುಳಿಗೆ ಹೊತ್ತು ತಪ್ಪಿಲ್ಲ. ಆ ಬೆಂಚಿನ ಮೇಲೆ ನಾನು ಹೇಳಬೇಕಾಗಿದ್ದದ್ದು ಅದನ್ನು.

ನಿನ್ನ ಕೈಯಿಂದ ನಾಲ್ಕು ಜನರ ನೋವು ಕಡಿಮೆಯಾಗಲಿ. ನೂರು ಕಾಲ ಚೆನ್ನಾಗಿರು.

ನಿನ್ನ ಅಪ್ಪ

ಸಹಿ ಹಾಕಿದ ಮೇಲೆ: ಆ ಕಾರಣದ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. "ತಾಯಿಗೆ ಕಾಯಿಲೆ, ತಂದೆಗೆ ರಜೆ ಸಿಗಲಿಲ್ಲ, ಆದ್ದರಿಂದ ಮಗಳು ಕಾಲೇಜು ಬಿಟ್ಟಳು" ಅಂತ ನಾಲ್ಕೂ ಸಲ ಬಂತು. ರಜೆ ನಾನು ಕೇಳಲೇ ಇಲ್ಲ, ಮಗಳೇ. ಅಮ್ಮನ ನರಳಾಟ ಕೇಳಿಕೊಂಡು ಆ ಕೋಣೆಯಲ್ಲಿ ಇಡೀ ದಿನ ಕೂರಲು ಹೆದರಿಕೆ ನನಗೆ. ಆಫೀಸು ಹಿತವಾಗಿತ್ತು. ನೀನು ಪುಸ್ತಕ ಎತ್ತಿಟ್ಟ ದಿನ ಅಮ್ಮ "ರಜೆ ಕೇಳಿದ್ರಾ?" ಅಂದಳು. "ಕೇಳ್ದೆ, ಕೊಡಲಿಲ್ಲ" ಅಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಅವಳಿಗೆ ಗೊತ್ತಿತ್ತು. ಆಮೇಲೆ ಅವಳು ಇದ್ದದ್ದು ಐದು ತಿಂಗಳು, ನಾನು ಕೂಡಿಟ್ಟಿದ್ದ ರಜೆ ಆರು ತಿಂಗಳಿತ್ತು. ಐದನೇ ಕಾಗದ ಇದರ ಜೊತೆಗಿದೆ. ಅದರಲ್ಲಿ ನಿಜವಿದೆ, ಸಹಿಯೂ ಇದೆ. ಮೊದಲು ನೀನು ಓದು, ಆಮೇಲೆ ಕಿಟಕಿಯಲ್ಲಿ ಕೊಡು. ಅಲ್ಲಿಂದ ಮನೆಗೆ ಬರಬೇಕು ಅನ್ನಿಸಿದರೆ ಬಾ. ಒಲೆ ಮೇಲೆ ಹಾಲು ಇಟ್ಟಿರುತ್ತೇನೆ, ಈ ಸಲ ನಿಜವಾಗಿ.