ಇಪ್ಪತ್ತಮೂರನೆಯ ಜಂತೆ ಎಲ್ಲಿ ಹೋಯಿತೆಂದರೆ

ಕಟ್ಟಡ ಸಾಮಗ್ರಿಗಳ ಹತೋಟಿಯನ್ನು ವಹಿಸಿಕೊಂಡಿರುವ ಮಾನ್ಯ ಅಧಿಕಾರಿಗಳೇ,

ತಮ್ಮ ಕಚೇರಿಯವರು ನಮ್ಮ ಮನೆಯ ಸೂರಿಗೆ ಹಗ್ಗ ಬಿಗಿದು, ಅರಗಿನ ಮೊಹರು ಒತ್ತಿ ಹೋಗಿ ಇಂದಿಗೆ ನಲವತ್ತೆಂಟು ದಿನವಾಯಿತು. ಸೂರು ಅಂಗಳದಲ್ಲಿ ಬಿದ್ದಿದೆ, ಗೋಡೆಗಳು ಮಳೆಯಲ್ಲಿ ನಿಂತಿವೆ, ಒಂಬತ್ತು ತಿಂಗಳ ಬಸುರಿಯಾದ ನನ್ನ ಮಗಳು ಪಕ್ಕದ ಮನೆಯಲ್ಲಿ ಮಲಗಿದ್ದಾಳೆ. ಲಕೋಟೆಯಲ್ಲಿಟ್ಟು ಕಳಿಸಿದ ಮೂರು ಅರ್ಜಿಗಳನ್ನು ತಾವು ಓದಿದಂತಿಲ್ಲ. ಪತ್ರಿಕೆಯನ್ನಾದರೂ ಕಾಫಿಯ ಜೊತೆಗೆ ಓದುವಿರಿ ಎಂಬ ನಂಬಿಕೆಯಿಂದ ನಾಲ್ಕನೆಯದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೊಸಕೋಟೆ ತಾಲ್ಲೂಕು ಜಡಿಗೇನಹಳ್ಳಿ ಹೋಬಳಿಯವನು. ಹೆಸರು ಲಕ್ಷ್ಮಯ್ಯ. ಮೂವತ್ತೊಂದು ವರ್ಷ ಕೋರ್ಟಿನ ಅಮೀನನಾಗಿದ್ದೆ. ಕೋರ್ಟು ಜಪ್ತಿಗೆ ಆಜ್ಞೆ ಮಾಡಿದರೆ ಹೋಗಿ ಸಾಮಾನಿನ ಪಟ್ಟಿ ಬರೆದು ಬಾಗಿಲಿಗೆ ಮೊಹರು ಒತ್ತಿ ಬರುವುದು ನನ್ನ ಕೆಲಸವಾಗಿತ್ತು. ಆದ್ದರಿಂದ ಮೊಹರು ಎಂದರೇನು ಎಂದು ನನಗೆ ಯಾರೂ ತಿಳಿಸಿ ಹೇಳಬೇಕಾಗಿಲ್ಲ. ಅದನ್ನು ಒಡೆದವನ ಗತಿ ಏನಾಗುತ್ತದೆಂಬುದೂ ಗೊತ್ತು.

ಸೂರು ಅಂಗಳಕ್ಕೆ ಬಂದದ್ದು ಹೇಗೆಂದು ಕೇಳುವಿರಿ. ನಾವೇ ಇಳಿಸಿದ್ದು. ಮೂರು ವರ್ಷದ ಹಿಂದೆ ನನ್ನ ಹಿರಿಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಳೆಗಾಲ. ಹೆಂಚು ಒಡೆದು ಕೋಣೆ ಸೋರುತ್ತಿತ್ತು. ಒಂದೇ ವಾರದಲ್ಲಿ ಬಾಣಂತಿಯ ಮಂಚವನ್ನು ನಾಲ್ಕು ಮೂಲೆಗೂ ಸರಿಸಿದೆವು, ನಾಲ್ಕು ಮೂಲೆಯೂ ಒದ್ದೆಯೇ. ಜ್ವರ ಬಂತು. ಒಂಬತ್ತನೆಯ ದಿನ ಕೂಸು ಹೋಯಿತು, ಹನ್ನೊಂದನೆಯ ದಿನ ಅವಳು ಹೋದಳು. ಸೂರಿನಿಂದಲೇ ಹೀಗಾಯಿತೆಂದು ಡಾಕ್ಟರು ಬರೆದುಕೊಡಲಿಲ್ಲ, ನಾನೂ ವಾದಿಸಲಿಲ್ಲ. ಆದರೆ ನನ್ನ ಹೆಂಡತಿ ಅಮ್ಮಯಮ್ಮ ಅಂದಿನಿಂದ ಆ ಕೋಣೆಯಲ್ಲಿ ಮಲಗಿಲ್ಲ. ಎರಡನೆಯ ಮಗಳು ಅನುಸೂಯ ಬಸುರಾದ ಸುದ್ದಿ ಬಂದ ದಿನ ಅವಳು ನನಗೆ ಹೇಳಿದ್ದು ಒಂದೇ ಮಾತು: "ಈ ಸೂರ್ನ ಕೆಳಗೆ ಇನ್ನೊಂದು ಮಗೂನ ಮಲಗ್ಸಲ್ಲ ನಾನು."

ಆಗ ತಮ್ಮ ಕಚೇರಿಯ ದೊಡ್ಡ ಕಾಗದವೊಂದನ್ನು ನಮ್ಮೂರ ಚಾವಡಿಯ ಗೋಡೆಗೆ ಅಂಟಿಸಿದ್ದರು. ಯುದ್ಧಕಾಲದಲ್ಲಿ ಹೊಸ ಸಿಮೆಂಟು, ಹೊಸ ಕಬ್ಬಿಣ, ಹೊಸ ಮರ ಕೇಳಬೇಡಿ. ಇರುವುದನ್ನೇ ದುರಸ್ತಿ ಮಾಡಿ ಬಳಸಿರಿ. ಅದೇ ದೇಶಸೇವೆ ಎಂದು ಅದರಲ್ಲಿತ್ತು. ಇಡೀ ಹೋಬಳಿಯಲ್ಲಿ ಆ ಕಾಗದವನ್ನು ಪೂರ್ತಿ ಓದಿ ಅದರಂತೆ ನಡೆದವನು ನಾನೊಬ್ಬನೇ ಇರಬೇಕು. ಸರ್ಕಾರದ ಕಾಗದದಲ್ಲಿ ಬರೆದದ್ದನ್ನು ನಂಬುವ ರೋಗ ನೌಕರಿಯಿಂದಲೇ ಅಂಟಿಕೊಂಡಿತ್ತು.

ಬಡಗಿ ಪಿಳ್ಳಣ್ಣನನ್ನು ಕರೆಸಿದೆ. ಚೈತ್ರದಲ್ಲಿ ಸೂರನ್ನು ಒಂದೊಂದೇ ತುಂಡಾಗಿ ಇಳಿಸಿದೆವು. ದಪ್ಪನೆಯ ತೊಲೆಗಳು, ತೊಲೆಯ ಮೇಲೆ ಅಡ್ಡ ಕೂರುವ ಜಂತೆಗಳು, ಎಲ್ಲ ಸೇರಿ ಅರವತ್ತೊಂದು. ನನ್ನ ಅಜ್ಜನ ಕಾಲದ ಮರ. ಎಂಬತ್ತು ವರ್ಷ ಒಂದೇ ಜಾಗದಲ್ಲಿ ಕೂತು ಒಂದೊಂದೂ ತನ್ನ ಜಾಗಕ್ಕೆ ತಕ್ಕಂತೆ ಬಾಗಿ, ತಿರುಚಿಕೊಂಡು ಹೊಂದಿಕೊಂಡಿದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕೂರುವುದಿಲ್ಲ, ಕೂತರೂ ಅಲುಗಾಡುತ್ತದೆ. ಅದಕ್ಕೆಂದೇ ಪಿಳ್ಳಣ್ಣ ಪ್ರತಿಯೊಂದರ ಬುಡದಲ್ಲೂ ಸುಣ್ಣದಿಂದ ಒಂದು, ಎರಡು ಎಂದು ನಂಬರು ಬರೆದ. ಉಳಿಯಲ್ಲಿ ಕೆತ್ತಿಬಿಡು ಎಂದೆ. ಒಪ್ಪಲಿಲ್ಲ. ಮನೆಯಿಂದ ಇಳಿಸಿದ ಮರಕ್ಕೆ ಅದು ಮತ್ತೆ ಏರುವ ತನಕ ಉಳಿ ತಾಗಿಸುವುದು ಅವರ ಮನೆತನದಲ್ಲಿ ನಿಷಿದ್ಧವಂತೆ. "ಇಳ್ಸಿದ್ ಮರ ಬಾಣಂತಿ ಇದ್ದಂಗೆ ಸ್ವಾಮಿ, ಆವಾಗ ಕತ್ತಿ ತೋರಿಸ್ಬಾರ್ದು" ಎಂದ. ಸರಿ, ಸುಣ್ಣವೇ ಆಗಲಿ ಎಂದು ಸುಮ್ಮನಾದೆ. ಅವತ್ತು ಇನ್ನೊಂದು ಸಲ ಒತ್ತಾಯ ಮಾಡಬೇಕಾಗಿತ್ತು.

ನಮ್ಮ ಕಡೆ ಬಿಚ್ಚಿದ ಮನೆಯ ಯಾವುದನ್ನೂ ಅಂಗಳ ದಾಟಿಸುವುದಿಲ್ಲ. ಬಿದ್ದ ಗೋಡೆಯ ಮಣ್ಣನ್ನು ಹುಲ್ಲು ಸೇರಿಸಿ ನೆನೆಹಾಕಿದೆವು, ಒಮ್ಮೆ ಗೋಡೆಯಾಗಿದ್ದ ಮಣ್ಣು ಕೆರೆಯ ಹೊಸ ಮಣ್ಣಿಗಿಂತ ಚೆನ್ನಾಗಿ ಹಿಡಿಯುತ್ತದೆ. ಒಡೆದ ಹೆಂಚನ್ನು ಒರಳಿನಲ್ಲಿ ಕುಟ್ಟಿ ಜರಡಿ ಹಿಡಿದು ಗಾರೆಯ ಸುಣ್ಣಕ್ಕೆ ಬೆರೆಸಲು ಕೆಂಪು ಪುಡಿ ಮಾಡಿದೆವು. ಮರದಿಂದ ಕಿತ್ತ ಡೊಂಕು ಮೊಳೆಗಳನ್ನು ಅಮ್ಮಯಮ್ಮ ದಿನವೂ ಊಟವಾದ ಮೇಲೆ ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿ ಎಣ್ಣೆ ಸವರಿ ಡಬ್ಬಕ್ಕೆ ಹಾಕುತ್ತಿದ್ದಳು. ಎರಡು ಬೆರಳಿಗೆ ಪೆಟ್ಟು ಮಾಡಿಕೊಂಡಿದ್ದಳು. ಹದಿನೈದು ದಿನದಲ್ಲಿ ಸೂರು ಏರಬೇಕಾಗಿತ್ತು.

ಹನ್ನೊಂದನೆಯ ದಿನ ತಮ್ಮ ಇನ್ಸ್‌ಪೆಕ್ಟರು ಬಂದರು. ಮರದ ರಾಶಿಯನ್ನು ಒಂದು ಸುತ್ತು ಹಾಕಿ, ಬಗ್ಗಿ ನೋಡಿ ಕೇಳಿದರು.

"ಇದೇನ್ರೀ, ನಂಬರು?"

ನಾನು ಬಾಯಿ ತೆರೆಯುವ ಮೊದಲೇ ಪಿಳ್ಳಣ್ಣ ಹೇಳಿದ: "ಅದು ಮನೆ ಸ್ವಾಮಿ. ಬಿಚ್ಚಿಟ್ಟಿದೀವಿ."

"ಮನೆ ಎಲ್ಲಿದೆ?"

"ಇದೇ ಸ್ವಾಮಿ ಮನೆ."

ಅವರು ಸೂರಿಲ್ಲದ ನಾಲ್ಕು ಗೋಡೆಗಳನ್ನು ನೋಡಿದರು, ರಾಶಿಯನ್ನು ನೋಡಿದರು, ಮನೆ ಇಲ್ಲ, ಮಾಲು ಇದೆ ಎಂದು ಬರೆದುಕೊಂಡರು. ಮಾರಾಟಕ್ಕೆ ಇಟ್ಟ ಮಾಲಿಗಲ್ಲದೆ ಮನೆಯ ಮರಕ್ಕೆ ಯಾರಾದರೂ ನಂಬರು ಹಾಕುತ್ತಾರೆಯೇ? ಅಲ್ಲಿಂದ ಎಲ್ಲವೂ ಸಲೀಸಾಯಿತು. ಅಮ್ಮಯಮ್ಮನ ಡಬ್ಬ ಮಹಜರಿನಲ್ಲಿ 'ಬಚ್ಚಿಟ್ಟ ಕಬ್ಬಿಣದ ಮೊಳೆ' ಆಯಿತು. ಹೆಂಚಿನ ಪುಡಿ 'ಸಿಮೆಂಟಿಗೆ ಬೆರೆಸುವ ಕಲಬೆರಕೆ ಪುಡಿ' ಆಯಿತು. ನಮ್ಮ ಹಳ್ಳಿಗೆ ಸಿಮೆಂಟು ಎಂಬುದೊಂದು ಬಂದಿದ್ದರಲ್ಲವೇ ಅದಕ್ಕೆ ಕಲಬೆರಕೆ ಮಾಡುವುದು?

ಆಮೇಲೆ ಅವರು ನಂಬರುಗಳನ್ನು ಒಂದರಿಂದ ಓದುತ್ತಾ ಹೋದರು. ಇಪ್ಪತ್ತೆರಡರ ಪಕ್ಕದಲ್ಲಿ ಇಪ್ಪತ್ತನಾಲ್ಕು ಇತ್ತು. ಅವರ ಮುಖ ಅರಳಿತು.

"ಇಪ್ಪತ್ಮೂರು ಎಲ್ಲಿ? ಯಾರಿಗೆ ಮಾರಿದ್ರಿ?"

ಮಾನ್ಯರೇ, ಇಪ್ಪತ್ತಮೂರನೆಯ ಜಂತೆ ಎಲ್ಲಿ ಹೋಯಿತೆಂದರೆ, ಒಲೆಗೆ ಹೋಯಿತು. ಅದರ ಹೊಟ್ಟೆಯನ್ನು ಗೆದ್ದಲು ತಿಂದು ಹಾಕಿತ್ತು. ಅದರಲ್ಲಿ ಎರಡು ಹಂಡೆ ಸ್ನಾನದ ನೀರು ಕಾಯಿತು. ಒಂದರಲ್ಲಿ ಪಿಳ್ಳಣ್ಣ ಮಿಂದ, ಇನ್ನೊಂದರಲ್ಲಿ ನಾನು ಮಿಂದೆ. ಇದನ್ನು ಇದ್ದಂತೆಯೇ ಹೇಳಿದೆ. ಇನ್ಸ್‌ಪೆಕ್ಟರು 'ಒಂದು ತುಂಡು ಈಗಾಗಲೇ ವಿಲೇವಾರಿಯಾಗಿದೆ' ಎಂದು ಬರೆದು ನನ್ನಿಂದಲೇ ರುಜು ಹಾಕಿಸಿಕೊಂಡರು. ಉಳಿದ ಮರವನ್ನು ಕೊಂಡ ರಸೀದಿ ತೋರಿಸಿ ಎಂದರು. ಅದು ನಮ್ಮ ಹಿತ್ತಲಲ್ಲೇ ಬೆಳೆದ ಹಲಸು, ಬೇವು. ಎಂಬತ್ತು ವರ್ಷದ ಹಿಂದೆ ಮರ ಕಡಿದಾಗ ಹಿತ್ತಲಿನಿಂದ ರಸೀದಿ ಪಡೆಯುವುದನ್ನು ನನ್ನ ಅಜ್ಜ ಮರೆತನೆಂದು ತೋರುತ್ತದೆ. ಅವನ ಪರವಾಗಿ ಕ್ಷಮೆ ಕೇಳುತ್ತೇನೆ.

ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ, ಏರು ಸಿಕ್ಕಲ್ಲೆಲ್ಲ ಇಳಿದು ತಳ್ಳುತ್ತಾ, ಎರಡು ಸಲ ಬೆಂಗಳೂರಿನ ತಮ್ಮ ಕಚೇರಿಗೆ ಬಂದೆ. ತಮ್ಮ ದರ್ಶನವಾಗಲಿಲ್ಲ. ಗುಮಾಸ್ತರು ಒಳ್ಳೆಯವರು, ಕೂರಿಸಿ ವಿವರಿಸಿದರು. ಹೊಸ ಮರ ಬೇಕಾದರೆ ಅದಕ್ಕೆ ಫಾರಂ ಇದೆ, ತುಂಬಿ ಕೊಟ್ಟರೆ ಆರು ತಿಂಗಳಲ್ಲಿ ಪರವಾನಗಿ ಬರಬಹುದು. ತನ್ನದೇ ಹಳೆಯ ಮರವನ್ನು ತನ್ನದೇ ಗೋಡೆಯ ಮೇಲೆ ಮತ್ತೆ ಇಡುವುದಕ್ಕೆ ಫಾರಂ ಇಲ್ಲ. ಫಾರಂ ಇಲ್ಲದ್ದಕ್ಕೆ ಅಪ್ಪಣೆ ಕೊಡುವುದು ಹೇಗೆ? ಹೊಸದನ್ನು ಕೇಳಬೇಡಿ ಎಂದು ಗೋಡೆಗೆ ಕಾಗದ ಅಂಟಿಸಿದವರು ಹೊಸದಕ್ಕೆ ಮಾತ್ರ ಫಾರಂ ಅಚ್ಚು ಹಾಕಿಸಿದ್ದೀರಲ್ಲ, ಅಚ್ಚುಕೂಟದವನಾದರೂ ಒಂದು ಮಾತು ಕೇಳಲಿಲ್ಲವೇ?

ಈಗ ಮಳೆ ಹಿಡಿದಿದೆ. ಗೋಡೆಗಳ ತಲೆಗೆ ತೆಂಗಿನ ಗರಿ ಹೊದಿಸಿದ್ದೇವೆ. ಆದರೂ ಮಣ್ಣಿನ ಗೋಡೆ, ಪ್ರತಿ ಮಳೆಗೂ ಕರಗಿ ಕೆಳಗೆ ಬರುತ್ತಿದೆ. ರಾಶಿಯನ್ನು ಮಾತ್ರ ಮುಚ್ಚುವಂತಿಲ್ಲ, ಮೊಹರು ಒತ್ತಿದ ರಾಶಿ ದೂರದಿಂದಲೇ ಕಾಣುವಂತಿರಬೇಕೆಂದು ಅಪ್ಪಣೆ. ವಾರಕ್ಕೊಮ್ಮೆ ಮೊಹರು ನೋಡಿಹೋಗಲು ತಮ್ಮ ಜವಾನ ಚಿನ್ನಸ್ವಾಮಿ ಬರುತ್ತಾನೆ. ಹೋದ ವಾರ ಬಂದವನು ಮುತ್ತುಗದ ಎಲೆಯನ್ನು ಕಡ್ಡಿಯಿಂದ ಚುಚ್ಚಿ ಸಣ್ಣ ಸಣ್ಣ ದೊನ್ನೆ ಮಾಡಿ ಆರು ಮೊಹರಿಗೂ ಒಂದೊಂದು ಮುಚ್ಚಿದ.

"ಚಿನ್ನಸ್ವಾಮಿ, ಅರಗಿಗೆ ಕೊಡೆ ಹಿಡಿದೆಯಲ್ಲಪ್ಪ. ಮರಕ್ಕೆ?" ಎಂದೆ.

"ಮರದ್ ವಿಚಾರ ಆರ್ಡರ್ ಇಲ್ಲ ಸ್ವಾಮಿ. ಮೊಹರು ಕೆಡಬಾರ್ದು ಅಂತ ಮಾತ್ರ ಅವ್ರೆ. ಬೈಬ್ಯಾಡಿ, ನಾನೂ ಮಕ್ಕಳೊಂದಿಗ."

ಮೂವತ್ತೊಂದು ವರ್ಷ ನಾನು ಕೊಟ್ಟ ಉತ್ತರವೂ ಅದೇ. ಸೂಲಿಬೆಲೆ ಕಡೆಯ ಒಂದು ಹಳ್ಳಿಯಲ್ಲಿ ಪಾಪಕ್ಕ ಎಂಬ ಹೆಂಗಸಿನ ಮನೆಯನ್ನು ಜಪ್ತಿ ಮಾಡಿ ಸಾಮಾನೆಲ್ಲ ಬರೆದು ಬಾಗಿಲೆಳೆದಿದ್ದೆ. ಕಂಕುಳಲ್ಲಿ ಎರಡು ತಿಂಗಳ ಕೂಸು. "ತೊಟ್ಲೊಂದು ಬಿಟ್ಕೊಡಿ ಬುದ್ದಿ, ಮಗೀನ ನೆಲದಲ್ಲಿ ಹೆಂಗ್ ಮಲಗಿಸ್ಲಿ" ಎಂದಳು. ಪಟ್ಟಿಯಲ್ಲಿ ಬರೆದಾಗಿದೆ ತಾಯಿ, ತೆಗೆಯಲು ಬರುವುದಿಲ್ಲ ಎಂದೆ. ಪಟ್ಟಿ ನನ್ನ ಕೈಯಲ್ಲೇ ಇತ್ತು, ಸೀಸದ ಕಡ್ಡಿಯಲ್ಲಿ ಬರೆದದ್ದು, ಒಂದು ಸಾಲು ಅಳಿಸಿದ್ದರೆ ಕೇಳುವವರೇ ಇರಲಿಲ್ಲ. ಅಳಿಸಲಿಲ್ಲ. ಆಮೇಲೆ ಆ ಕೂಸು ಎಲ್ಲಿ ಮಲಗಿತೆಂದು ವಿಚಾರಿಸಲೂ ಇಲ್ಲ. ಇಪ್ಪತ್ತು ವರ್ಷ ನೆನಪಾಗದಿದ್ದವಳು ಈಗ ದಿನವೂ ನೆನಪಾಗುತ್ತಾಳೆ.

ಏಕೆಂದರೆ ರಾಶಿಯಲ್ಲಿರುವ ಏಳನೆಯ ನಂಬರು ನಮ್ಮ ಮನೆಯ ತೊಟ್ಟಿಲಿನ ತೊಲೆ. ನನ್ನ ತಂದೆಯ ತೊಟ್ಟಿಲು, ನನ್ನದು, ನನ್ನ ಹೆಣ್ಣುಮಕ್ಕಳದು, ಎಲ್ಲವನ್ನೂ ತೂಗು ಹಾಕಿದ್ದು ಅದಕ್ಕೇ. ಹಗ್ಗ ಉಜ್ಜಿ ಉಜ್ಜಿ ಬೆರಳು ಕೂರುವಷ್ಟು ಹಳ್ಳ ಬಿದ್ದಿದೆ. ಆ ತೊಲೆಯೀಗ ನೆಲದಲ್ಲಿದೆ, ಅದರ ಬುಡಕ್ಕೆ ನೀರು ನಿಂತಿದೆ. ಸುಣ್ಣದ ನಂಬರುಗಳನ್ನು ಮಳೆ ತೊಳೆಯುತ್ತಿದೆ. ಹೊರಗಡೆಯಿಂದ ನನಗೆ ಹತ್ತೊಂಬತ್ತು ನಂಬರು ಕಾಣುತ್ತಿದ್ದವು, ನಿನ್ನೆ ಎಣಿಸಿದರೆ ಎಂಟು. ಒಳಗಿನ ಸಾಲುಗಳ ಗತಿ ಏನೋ ತಿಳಿಯದು. ಬರೆದ ಪಿಳ್ಳಣ್ಣ ಯುದ್ಧದ ಸಾಮಾನಿಗೆ ಪೆಟ್ಟಿಗೆ ಮಾಡುವ ಕೆಲಸ ಹಿಡಿದು ಬೆಂಗಳೂರಿಗೆ ಹೋಗಿದ್ದಾನೆ. ಇನ್ನು ನಾಲ್ಕು ಮಳೆ ಬಿದ್ದರೆ ತಾವು ದೊಡ್ಡ ಮನಸ್ಸು ಮಾಡಿ ಮೊಹರು ತೆಗೆದರೂ ಅಲ್ಲಿರುವುದು ಯಾವುದು ಎಲ್ಲಿಯದೆಂದು ಯಾರಿಗೂ ತಿಳಿಯದ ಅರವತ್ತು ಮರದ ತುಂಡುಗಳು. ಆಗ ತಮ್ಮ ಇನ್ಸ್‌ಪೆಕ್ಟರು ಬರೆದದ್ದೇ ನಿಜವಾಗುತ್ತದೆ.

ಅನುಸೂಯ ಈಗ ಶಂಶುನ್ನೀಸಾ ಅವರ ಮನೆಯಲ್ಲಿದ್ದಾಳೆ. ನಮ್ಮ ಗೋಡೆಗೆ ಅಂಟಿದ ಮನೆ. ಗಂಡ ಸಂತೆಯಲ್ಲಿ ಚರ್ಮದ ವ್ಯಾಪಾರ ಮಾಡುತ್ತಾರೆ, ಮನೆಯಲ್ಲಿ ಎಂಟು ಜನ, ಇರುವುದು ಒಂದೇ ಕೋಣೆ. ಆ ಕೋಣೆಯನ್ನು ನನ್ನ ಮಗಳಿಗೆ ಬಿಟ್ಟು ಎಂಟು ಜನವೂ ಪಡಸಾಲೆಯಲ್ಲಿ ಮಲಗುತ್ತಾರೆ. "ನಮ್ ಹುಡುಗೀನೇ ಅಲ್ವಾ ಅಣ್ಣ, ನೀವ್ ಬೇಜಾರ್ ಮಾಡ್ಕೋಬೇಡಿ" ಎನ್ನುತ್ತಾರೆ ಆಕೆ. ತಮ್ಮ ಕಚೇರಿಯಲ್ಲಿ ಸಿಗದ ಅಪ್ಪಣೆ ಅಲ್ಲಿ ಕೇಳದೆಯೇ ಸಿಕ್ಕಿತು. ಆದರೆ ಹೆರಿಗೆಯ ಮೇಲೆ ತಿಂಗಳುಗಟ್ಟಲೆ ಬಾಣಂತಿಗೆ ಬೆಚ್ಚಗಿನ ಕೋಣೆ ಬೇಕು, ಅಷ್ಟು ದಿನ ಎಂಟು ಜನರನ್ನು ಹೊರಗೆ ಮಲಗಿಸಲು ನನಗೆ ಮುಖವಿಲ್ಲ. ಮಗಳ ಕಾಲು ಊದಿಕೊಂಡಿದೆ. ಮೋಡ ಕವಿದಾಗಲೆಲ್ಲ ಅವಳು ಮಾತು ನಿಲ್ಲಿಸಿ ಸೂರು ನೋಡುತ್ತಾಳೆ. ಅಕ್ಕ ಹೋದಾಗ ಪಕ್ಕದಲ್ಲಿ ಕೂತಿದ್ದವಳು ಅವಳೇ. ಮಾನ್ಯರೇ, ನನಗೆ ಭಯವಾಗಿದೆ. ಇದನ್ನು ಬರೆಯಲು ನಾಚಿಕೆಯಿಲ್ಲ.

ನಾನು ಹೊಸದಾಗಿ ಏನನ್ನೂ ಕೇಳುತ್ತಿಲ್ಲ. ಒಂದು ಹಿಡಿ ಸಿಮೆಂಟು ಬೇಡ, ಒಂದು ಮೊಳೆ ಬೇಡ. ಇಳಿಸಿದ್ದನ್ನು ಏರಿಸಬಹುದು ಎಂದು ಒಂದು ಸಾಲು ಬರೆದು ರುಜು ಹಾಕಿಕೊಡಿ. ಫಾರಂ ಇಲ್ಲದಿದ್ದರೆ ಬಿಳಿ ಕಾಗದ ನಾನು ತರುತ್ತೇನೆ, ಶಾಯಿಯನ್ನೂ ತರುತ್ತೇನೆ. ಆದರೆ ಬೇಗ ಆಗಬೇಕು. ಆಷಾಢ ಹುಟ್ಟಿದರೆ ನಮ್ಮಲ್ಲಿ ತೊಲೆ ಏರಿಸುವುದಿಲ್ಲ, ಮಗು ಆಷಾಢಕ್ಕೆ ಕಾಯುವುದಿಲ್ಲ. ಬರುವ ಸೋಮವಾರ, ಹತ್ತೊಂಬತ್ತನೆಯ ತಾರೀಕು, ಒಂದು ದಿನದ ರಜೆಯ ಮೇಲೆ ಪಿಳ್ಳಣ್ಣ ಬರುತ್ತಾನೆ. ತಮ್ಮ ಕಾಗದ ಅಷ್ಟರೊಳಗೆ ಬಂದರೆ ಅದನ್ನು ದೇವರ ಮುಂದಿಟ್ಟು ಕೆಲಸ ಶುರು ಮಾಡುತ್ತೇವೆ.

ಬಾರದಿದ್ದರೆ ಅಂದು ಬೆಳಿಗ್ಗೆ ಆರು ಮೊಹರನ್ನೂ ನನ್ನ ಕೈಯಿಂದಲೇ ಒಡೆಯುತ್ತೇನೆ. ಪಿಳ್ಳಣ್ಣನ ಕೈ ತಾಗಿಸುವುದಿಲ್ಲ, ಚಿನ್ನಸ್ವಾಮಿಯ ತಪ್ಪೂ ಏನಿಲ್ಲ, ಇದನ್ನು ತಾವು ಬರೆದಿಟ್ಟುಕೊಳ್ಳಬೇಕು. ನನ್ನ ಪಿಂಚಣಿ ಹೋಗುತ್ತದೆಂದು ಗೊತ್ತು. ಮೊದಲು ಏಳನೆಯ ನಂಬರು ಏರುತ್ತದೆ, ಆಮೇಲೆ ನೆನಪಾದಷ್ಟು ಉಳಿದವು. ಇಪ್ಪತ್ತಮೂರರ ಜಾಗಕ್ಕೆ ದನದ ಕೊಟ್ಟಿಗೆಯ ಬಿದಿರು ಗಳ ಹಾಕುತ್ತೇವೆ.

ತಾವು ಜನ ಕಳಿಸುವುದಾದರೆ ಅವರಿಗೆ ಒಂದು ಮಾತು ಹೇಳಿ ಕಳಿಸಿ. ಬಂದವರು ಬಾಗಿಲು ಬಡಿಯುವುದು ಬೇಡ, ಅಷ್ಟು ಹೊತ್ತಿಗೆ ಒಳಗೆ ಮಗು ಮಲಗಿರುತ್ತದೆ. ನಾನು ಅಂಗಿ ಹಾಕಿಕೊಂಡು ಹೊರಗೆ ಜಗಲಿಯ ಮೇಲೆಯೇ ಕೂತಿರುತ್ತೇನೆ.

ಇಂತಿ,
ಪಾಪಕ್ಕನಿಗೆ ತೊಟ್ಟಿಲು ಬಿಟ್ಟುಕೊಡದಿದ್ದ
ಲಕ್ಷ್ಮಯ್ಯ, ನಿವೃತ್ತ ಅಮೀನ
ಜಡಿಗೇನಹಳ್ಳಿ ಹೋಬಳಿ, ೧೨ ಜೂನ್ ೧೯೪೪