ಹಿನ್ನೀರಿನಡಿ ಮಲಗಿದ ಶೇವಂತಿಗೆ

ನನ್ನ ಚೊಚ್ಚಲ ಮಗಳೇ ಶೇವಂತಿ,

ನಾವು ಮನೆ ಬದಲಿಸಿದ್ದನ್ನು ನಿನಗೆ ಹೇಳಲೇ ಇಲ್ಲ. ಬೀಳಗಿಯಲ್ಲಿ ಪಟ್ಟಣ ಪಂಚಾಯಿತಿಯವರು ಕಟ್ಟಿಸಿದ ವಸತಿ ಕಟ್ಟಡದ ಮೇಲಿನ ಮಹಡಿಯಲ್ಲಿದ್ದೇವೆ. ನಾನು, ನಿನ್ನಪ್ಪ, ನಿನ್ನ ಅಜ್ಜಿ ತಂಗೆವ್ವ. ಒಳಗೇ ನಳ ಇದೆ. ಗೋಡೆಗಳಿಗೆ ನಿನ್ನಪ್ಪ ತಾವೇ ತಿಳಿನೀಲಿ ಬಣ್ಣ ಬಳಿದರು. ಎಲ್ಲರೂ ಛಲೋ ಮನೆ ಅನ್ನುತ್ತಾರೆ. ನನಗೆ ಮಾತ್ರ ಇಲ್ಲಿ ಉಸಿರು ಕಟ್ಟುತ್ತದೆ.

ಊರಿನಲ್ಲಿ ನೀನು ಎಲ್ಲರ ಕೂಸಾಗಿದ್ದೆ. ಗೋಡೆ ಹಿಡಿದು ನಿಲ್ಲಲು ಕಲಿತ ವಾರವೇ ಜ್ವರ ನಿನ್ನನ್ನು ಒಯ್ದಾಗ ಓಣಿಗೆ ಓಣಿಯೇ ಅತ್ತಿತ್ತು. ನಮ್ಮ ಹೊಲದ ಅಂಚಿನ ಬನ್ನಿ ಗಿಡದ ಕೆಳಗೆ ನಿನ್ನನ್ನು ಮಣ್ಣು ಮಾಡಿದೆವು. ಮರುವರ್ಷ ಆಣೆಕಟ್ಟಿನ ನೀರು ಏರುತ್ತದೆಂದು ಊರು ಬಿಡಿಸಿದರು. ಗಿಡಗಳನ್ನೂ ಕಡಿದರು.

ಇಲ್ಲಿ ನಿನ್ನನ್ನು ಯಾರೂ ಕಂಡಿಲ್ಲ. ಮನೆ ಹೊಕ್ಕ ದಿನ ಅರಿಷಿಣ ಕುಂಕುಮಕ್ಕೆ ಬಂದ ಕೆಳಮನೆಯಾಕೆ, "ಮಕ್ಕಳೆಷ್ಟರೀ ನಿಮಗ?" ಅಂದಳು. ನಾನು ಬಾಯಿ ತೆರೆಯುವುದರೊಳಗೆ ನಿನ್ನ ಅಜ್ಜಿ, "ಇನ್ನ ಆಗಿಲ್ಲರೀ" ಅಂದುಬಿಟ್ಟಳು. ಕೈಯಲ್ಲಿ ಉಡಿ ತುಂಬುವ ಅಕ್ಕಿ ಹಿಡಿದು ನಿಂತಿದ್ದೆ. ಎಲ್ಲರೂ ಹೋದ ಮೇಲೆ ಕೇಳಿದರೆ ಆಕೆ ಕಣ್ಣೊರೆಸಿಕೊಂಡಳು. "ಹೊಸ ಮನ್ಯಾಗ ಆ ಸುದ್ದಿ ಯಾಕ ಬೇಕವಾ ವೈಶಾಲಿ? ಮಂದಿ ಅಪಶಕುನ ಅಂತಾರ."

ಈಗ ಮತ್ತೆ ನಾನು ಬಸುರಿ. "ಹೋದಾಕಿನ ತಿರುಗಿ ಬರಾಕತ್ತಾಳ" ಎಂದು ಅಜ್ಜಿ ದಿನವೂ ದೇವರಿಗೆ ದೀಪ ಹಚ್ಚುತ್ತಾಳೆ. ಬರುವ ಕೂಸು ನೀನಲ್ಲ, ಮಗಳೇ. ನೀನೇ ಬಂದೆ ಎಂದು ನಂಬಿದರೆ ನೀನು ಸತ್ತದ್ದೂ ಸುಳ್ಳಾಗುತ್ತದೆ, ಬದುಕಿದ್ದೂ ಸುಳ್ಳಾಗುತ್ತದೆ.

ಬೇಸಗೆಯಲ್ಲಿ ಹಿನ್ನೀರು ಸರಿದಿದೆ ಎಂದು ಕೇಳಿ, ಹಟ ಹಿಡಿದು ನಿನ್ನಪ್ಪನನ್ನು ಕರೆದುಕೊಂಡು ಹೋದೆ. ಅನಗವಾಡಿ ದಾಟಿ ನಮ್ಮೂರ ದಿಕ್ಕಿಗೆ ನಡೆದೆವು. ಕಣ್ಣು ಹಾಯ್ದಷ್ಟೂ ಬಿರುಕು ಬಿಟ್ಟ ಕೆಸರು. ಗುಡಿ ಎಲ್ಲಿ, ಬಾವಿ ಎಲ್ಲಿ, ನಮ್ಮ ಹೊಲ ಎಲ್ಲಿ, ಒಂದೂ ಗುರುತಿಲ್ಲ. ನಿನ್ನಪ್ಪ ಒಂದು ಕಡೆ ನಿಂತು, "ಇಲ್ಲೇ ನೋಡು" ಎಂದರು. ನಾನು ಕುಳಿತು, ನಿನಗೆಂದು ಮನೆಯಿಂದ ಒಯ್ದಿದ್ದ ಹಾಲು ಎರೆದೆ. ತಲೆ ಎತ್ತಿ ನೋಡಿದರೆ ಅವರು ಆಗಲೇ ದೂರ ಹೋಗಿ, ಕಾಲಿನಿಂದ ಕೆಸರು ಕೆದರುತ್ತ ಇನ್ನೂ ಹುಡುಕುತ್ತಿದ್ದರು.

"ಖರೆ ಹೇಳ್ರಿ, ಎಲ್ಲಿ ಅದಾಳ ನನ್ನ ಮಗಳು?" ಎಂದು ಕೂಗಿದೆ.

ಅವರು ಅಲ್ಲೇ ಕುಸಿದರು. "ನನಗೂ ತಿಳೀವಲ್ದು, ವೈಶಾಲಿ. ನಿನಗ ಕೈಮುಗಿಯಾಕ ಒಂದು ಜಾಗ ಇರಲಿ ಅಂತ ಅಂದೆ."

ನೀನು ಹೋದ ದಿನವೂ ಅಳದಿದ್ದ ನಿನ್ನಪ್ಪ ಆ ಬಯಲಲ್ಲಿ ಬಾಯಿ ಬಿಟ್ಟು ಅತ್ತರು. ಬಸ್ಸಿನಲ್ಲಿ ಇಬ್ಬರೂ ಮುಖ ತಿರುಗಿಸಿಕೊಂಡೇ ಬಂದೆವು.

ಮಳೆ ಶುರುವಾಗಿದೆ. ನೀರು ಮತ್ತೆ ಏರಿದೆ. ನೀನೆಲ್ಲಿದ್ದೀಯೋ ಅಲ್ಲಿ ತಣ್ಣಗೆ ಮಲಗು, ನನ್ನವ್ವಾ. ಹಸಿವಾಗದಿರಲಿ, ಭಯವಾಗದಿರಲಿ. ನಮ್ಮನ್ನು ಹುಡುಕಿಕೊಂಡು ಹೊರಡಬೇಡ. ಈ ಮನೆಯ ದಾರಿ ನಿನಗೆ ಗೊತ್ತಿಲ್ಲ.

ನಿನ್ನನ್ನು ಹೆತ್ತ,
ಅವ್ವ